ಲಾಗ್ ಸರ್ವರ್ ಮಲಗಿದರೆ ಉಳಿದ ಯಂತ್ರಗಳ ಗತಿಯೇನು?

ಕಡತಪಾಲಕ · ಸೋಮವಾರ, ಬೆಳಿಗ್ಗೆ 10:42

ಎಲ್ಲರಿಗೂ ನಮಸ್ಕಾರ. ಒಂದು ಸಹಕಾರಿ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ 38 ಕಂಪ್ಯೂಟರ್ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಆಪರೇಟಿಂಗ್ ಸಿಸ್ಟಂ ಲೆಕ್ಕದಲ್ಲಿ ಡೆಬಿಯನ್ ಲಿನಕ್ಸ್ 22, ರಾಕಿ ಲಿನಕ್ಸ್ 11, ಫೈರ್‌ವಾಲ್ ಕೆಲಸಕ್ಕೆ ಫ್ರೀಬಿಎಸ್‌ಡಿ 2, ಮುಟ್ಟಲು ಯಾರಿಗೂ ಧೈರ್ಯವಿಲ್ಲದ ಸೊಲಾರಿಸ್ (10ನೇ ಆವೃತ್ತಿ) ಯಂತ್ರಗಳು 2, ಮೂಲೆಯಲ್ಲಿ ಗುಂಯ್‌ಗುಡುತ್ತಿರುವ ಒಂದು ಎಐಎಕ್ಸ್.

ಕಳೆದ ತಿಂಗಳು ಒಂದು ಡೆಬಿಯನ್ ಯಂತ್ರಕ್ಕೆ ಯಾರೋ ನುಗ್ಗಿದರು. ಹೋಗುವಾಗ ಲಾಗ್ (ಯಂತ್ರ ತನ್ನಲ್ಲಿ ನಡೆದದ್ದನ್ನು ಬರೆದಿಡುವ ದಾಖಲೆ) ಡೈರೆಕ್ಟರಿಯನ್ನು ಗುಡಿಸಿ ಸಾರಿಸಿ ಹೋಗಿದ್ದಾರೆ. ಯಾವಾಗ ಬಂದರು, ಎಲ್ಲಿಂದ ಬಂದರು ಎಂಬುದಕ್ಕೆ ಒಂದು ಸಾಲಿನ ಸಾಕ್ಷಿಯೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಎಲ್ಲ ಲಾಗ್‌ಗಳನ್ನೂ ಒಂದೇ ಸರ್ವರ್‌ಗೆ ಕಳುಹಿಸಿ 180 ದಿನ ಇಡಬೇಕೆಂದು ಆಡಿಟರ್ ಈಗ ಬರೆದಿದ್ದಾರೆ.

ಹೊಸ ಡೆಬಿಯನ್ ಸರ್ವರ್ ಒಂದರಲ್ಲಿ ಲಾಗ್ ಸ್ವೀಕರಿಸುವ, ಕಳುಹಿಸುವ ಆರ್‌ಸಿಸ್‌ಲಾಗ್ ಪ್ರೋಗ್ರಾಂ ಹಾಕಿ 514ನೇ ಯುಡಿಪಿ (ತಲುಪಿತೇ ಎಂದು ನೋಡದೆ ಕಳುಹಿಸುವ ವಿಧಾನ) ಪೋರ್ಟ್ ತೆರೆದೆ. ಪ್ರತಿ ಯಂತ್ರದಲ್ಲೂ *.* ಬರೆದು, ಜಾಗ ಬಿಟ್ಟು, @ ಹಾಕಿ ಸರ್ವರ್‌ನ ಐಪಿ ವಿಳಾಸ ಕೊಟ್ಟೆ. ಸುಮಾರು ಇಪ್ಪತ್ತೈದು ಯಂತ್ರಗಳ ಲಾಗ್ ಬರುತ್ತಿದೆ. ಸೊಲಾರಿಸ್, ಎಐಎಕ್ಸ್ ತುಟಿ ಬಿಚ್ಚುತ್ತಿಲ್ಲ. ಕೆಲವು ಡೆಬಿಯನ್ ಯಂತ್ರಗಳೂ ಸುಮ್ಮನಿವೆ. ಎಲ್ಲಿ ತಪ್ಪಿದ್ದೇನೆ? ಯುಡಿಪಿ ಸಾಕೇ? ಡಿಸ್ಕ್ ಎಷ್ಟು ಬೇಕು?

ಹಳೆಯ ಟರ್ಮಿನಲ್ · ಸೋಮವಾರ, ಬೆಳಿಗ್ಗೆ 11:20

ಸೊಲಾರಿಸ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಅದೇ ತಪ್ಪಿಗೆ ನಾನು 2003ರಲ್ಲಿ ಎರಡು ರಾತ್ರಿ ಕಳೆದುಕೊಂಡಿದ್ದೇನೆ. ಅಲ್ಲಿನ ಸಿಸ್‌ಲಾಗ್ (ಯುನಿಕ್ಸ್‌ನ ಹಳೆಯ ಲಾಗ್ ವ್ಯವಸ್ಥೆ) ಸಂರಚನಾ ಕಡತದಲ್ಲಿ ಎಡಭಾಗಕ್ಕೂ ಬಲಭಾಗಕ್ಕೂ ನಡುವೆ ಟ್ಯಾಬ್ ಇರಬೇಕು. ಸ್ಪೇಸ್ ಒತ್ತಿದರೆ ಆ ಸಾಲು ಕೆಲಸ ಮಾಡುವುದಿಲ್ಲ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಬ್ರೌಸರ್‌ನಿಂದ ನಕಲು ಮಾಡಿ ಅಂಟಿಸಿದರೆ ಟ್ಯಾಬ್ ಸ್ಪೇಸ್ ಆಗಿ ಬದಲಾಗುವುದೂ ಉಂಟು. ವಿಐ ಎಡಿಟರ್ ತೆರೆದು ಕೈಯಿಂದಲೇ ಟ್ಯಾಬ್ ಒತ್ತಿ.

ಎರಡನೆಯದು, ಚುಕ್ಕಿಯ ಬಲಕ್ಕೆ ನಕ್ಷತ್ರ ಹಾಕುವ ಅಭ್ಯಾಸ ಲಿನಕ್ಸ್‌ನದು. ಸೊಲಾರಿಸ್ ಮತ್ತು ಎಐಎಕ್ಸ್‌ನಲ್ಲಿ ಅಲ್ಲಿ ತೀವ್ರತೆಯ ಹೆಸರನ್ನೇ ಕೊಡಬೇಕು. ಎಲ್ಲವೂ ಬೇಕಿದ್ದರೆ ನಕ್ಷತ್ರ, ಚುಕ್ಕಿ, ಡೀಬಗ್. ಬಳಿಕ ಸೊಲಾರಿಸ್‌ನಲ್ಲಿ ಎಸ್‌ವಿಸಿಎಡಿಎಂ ಆಜ್ಞೆ ಬಳಸಿ ಸಿಸ್ಟಂ-ಲಾಗ್ ಸೇವೆಯನ್ನು ಮರುಪ್ರಾರಂಭಿಸಿ. ಎಐಎಕ್ಸ್‌ನಲ್ಲಿ ಸಿಸ್‌ಲಾಗ್‌ಡಿಗೆ ರಿಫ್ರೆಶ್ ಆಜ್ಞೆ ಕೊಟ್ಟರೆ ಸಾಕು. ಇನ್ನೊಂದು ಮಾತು: ಎಐಎಕ್ಸ್ ತನ್ನಲ್ಲೇ ಒಂದು ಕಡತಕ್ಕೆ ಬರೆಯಬೇಕಿದ್ದರೆ ಆ ಕಡತ ಮೊದಲೇ ಇರಬೇಕು. ಇಲ್ಲದಿದ್ದರೆ ತಾನಾಗಿ ಸೃಷ್ಟಿಸುವುದಿಲ್ಲ, ದೂರುವುದೂ ಇಲ್ಲ.

ಸಿಸ್‌ಲಾಗ್ ಹುಟ್ಟಿದ್ದು 1980ರ ದಶಕದಲ್ಲಿ, ಎರಿಕ್ ಆಲ್‌ಮನ್ ಅವರ ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶದ ಕೆಲಸದ ಒಂದು ಅಂಗವಾಗಿ. ಮಿಕ್ಕವರು ಅದನ್ನು ನೋಡಿ ನೋಡಿ ತಮ್ಮ ತಮ್ಮ ಯುನಿಕ್ಸ್‌ಗೆ ಹೊಲಿದುಕೊಂಡರು. ಎಲ್ಲರೂ ಮಾಡುತ್ತಿದ್ದುದನ್ನು ಬರೆದಿಟ್ಟ ಇಂಟರ್‌ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 3164 ಬಂದದ್ದು 2001ರಲ್ಲಿ. ಮೊದಲು ಮದುವೆ, ಆಮೇಲೆ ಲಗ್ನಪತ್ರಿಕೆ. ಹಾಗಾಗಿ ಒಂದೊಂದು ಮನೆಯಲ್ಲೂ ಒಂದೊಂದು ಸಂಪ್ರದಾಯ.

ರಾತ್ರಿಪಾಳಿ · ಸೋಮವಾರ, ಮಧ್ಯಾಹ್ನ 12:05

ಸುಮ್ಮನಿರುವ ಡೆಬಿಯನ್ ಯಂತ್ರಗಳು 12ನೇ ಆವೃತ್ತಿಯವೇ, ನೋಡಿ. ಆ ಆವೃತ್ತಿಯಿಂದ ಆರ್‌ಸಿಸ್‌ಲಾಗ್ ತಾನಾಗಿ ಸ್ಥಾಪನೆಯಾಗುವುದಿಲ್ಲ; ಲಾಗ್ ಪೂರ್ತಿ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಜರ್ನಲ್‌ನಲ್ಲೇ ಉಳಿಯುತ್ತದೆ. ನೀವು ಸಂರಚನಾ ಕಡತ ಬರೆದಿದ್ದೀರಿ, ಅದನ್ನು ಓದುವವರೇ ಮನೆಯಲ್ಲಿಲ್ಲ.

ಪೋರ್ಟ್514 · ಸೋಮವಾರ, ಮಧ್ಯಾಹ್ನ 12:31

ಯುಡಿಪಿ ಸಾಕೇ ಎಂದಿರಿ. ಒಂದೇ ಕಟ್ಟಡ, ಒಂದೇ ಸ್ವಿಚ್ ಆದರೆ ಸಾಕು. ಹದಿನೈದು ವರ್ಷದಿಂದ ಯುಡಿಪಿಯಲ್ಲೇ ನಡೆಸುತ್ತಿದ್ದೇನೆ, ಬೆಳಿಗ್ಗೆ ಬಂದು ನೋಡಿದರೆ ಲಾಗ್ ಇರುತ್ತದೆ. ಜನ ಸುಮ್ಮನೆ ಹೆದರಿಸುತ್ತಾರೆ. ಅಂದಹಾಗೆ, ಸಂಪರ್ಕ ಕಟ್ಟಿಕೊಂಡು ಕಳುಹಿಸುವ ಇನ್ನೊಂದು ವಿಧಾನವಾದ ಟಿಸಿಪಿಯ 514 ಅಧಿಕೃತವಾಗಿ ಸಿಸ್‌ಲಾಗ್‌ನದಲ್ಲ, ಹಳೆಯ ರಿಮೋಟ್ ಶೆಲ್ ಆದ ಆರ್‌ಎಸ್‌ಎಚ್‌ನದು. ಸ್ವಂತ ಮನೆಯೂ ಇಲ್ಲದವರ ಹಿಂದೆ ಏಕೆ ಹೋಗುತ್ತೀರಿ?

ರಾತ್ರಿಪಾಳಿ · ಸೋಮವಾರ, ಮಧ್ಯಾಹ್ನ 1:48

ಬೆಳಿಗ್ಗೆ ಬಂದು ನೋಡಿದರೆ ಲಾಗ್ ಇರುತ್ತದೆ, ನಿಜ. ಕಳೆದುಹೋದದ್ದು ಹೇಗೆ ಕಾಣಬೇಕು ಸರ್? ಬಾರದ ಸಾಲು ತಾನು ಬಂದಿಲ್ಲವೆಂದು ಹೇಳುವುದಿಲ್ಲ.

ಊಹೆ ಬೇಡ, ಎಣಿಸಿ ನೋಡೋಣ. ಕಡತಪಾಲಕರೇ, ಲಾಗರ್ ಆಜ್ಞೆಯನ್ನು ಒಂದು ಲೂಪ್‌ನಲ್ಲಿಟ್ಟು 1ರಿಂದ 1,00,000 ದವರೆಗೆ ಸಂಖ್ಯೆ ಹಾಕಿದ ಸಂದೇಶಗಳನ್ನು ಕಳುಹಿಸಿ. ಸರ್ವರ್‌ನಲ್ಲಿ ಎಷ್ಟು ಬಂದಿವೆ ಎಂದು ಎಣಿಸಿ. ಅದೇ ಹೊತ್ತಿಗೆ ಸರ್ವರ್‌ನಲ್ಲಿ ನೆಟ್‌ಸ್ಟ್ಯಾಟ್‌ನ ಯುಡಿಪಿ ಲೆಕ್ಕದಲ್ಲಿ 'ರಿಸೀವ್ ಬಫರ್ ಎರರ್ಸ್' ಎಂಬ ಸಾಲನ್ನು ನೋಡುತ್ತಿರಿ. ಅದು ಏರುತ್ತಿದ್ದರೆ ಪ್ಯಾಕೆಟ್ ಸರ್ವರ್ ಬಾಗಿಲ ತನಕ ಬಂದು, ಒಳಗೆ ಜಾಗವಿಲ್ಲದೆ ಬಿದ್ದುಹೋಗಿದೆ ಎಂದರ್ಥ. ಕರ್ನಲ್‌ನ ಸ್ವೀಕಾರ ಬಫರ್ ಮಿತಿ ಹೆಚ್ಚಿಸಿದರೆ ಸ್ವಲ್ಪ ತಡೆಯಬಹುದು, ಅಷ್ಟೆ. ಸುಮ್ಮನಿರುವ ದಿನ ಯುಡಿಪಿ ಏನನ್ನೂ ಬೀಳಿಸುವುದಿಲ್ಲ. ಡಿಸ್ಕ್ ಕೆಟ್ಟು ಕರ್ನಲ್ ಕಿರುಚುವ ದಿನ, ಯಾರೋ ಪಾಸ್‌ವರ್ಡ್ ಊಹಿಸುತ್ತ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಬಾಗಿಲು ಬಡಿಯುವ ದಿನ ಬೀಳಿಸುತ್ತದೆ. ನಮಗೆ ಲಾಗ್ ಬೇಕಾಗುವುದೂ ಆ ದಿನವೇ.

ಹಾಗೆಂದು ಎರಡು @ ಹಾಕಿ ಟಿಸಿಪಿ ಮಾಡಿಕೊಂಡು ಮನೆಗೆ ಹೋಗಬೇಡಿ. ನನ್ನ ಕಥೆ ಕೇಳಿ. ಹಿಂದಿನ ಒಂದು ಕಚೇರಿಯಲ್ಲಿ ಸೆಂಟ್‌ಓಎಸ್ 6 ಯಂತ್ರಗಳು ಅರವತ್ತರ ಹತ್ತಿರ ಇದ್ದವು. ಎಲ್ಲವೂ ಟಿಸಿಪಿಯಲ್ಲಿ ಒಂದೇ ಲಾಗ್ ಸರ್ವರ್‌ಗೆ ಕಳುಹಿಸುತ್ತಿದ್ದವು. ಒಂದು ಶನಿವಾರ ರಾತ್ರಿ ಲಾಗ್ ಸರ್ವರ್‌ನ ಡಿಸ್ಕ್ ತುಂಬಿ ಅದು ನಿಂತಿತು. ಬೆಳಗಿನ ಜಾವ ನಾಲ್ಕಕ್ಕೆ ಫೋನ್: ಯಾವ ಯಂತ್ರಕ್ಕೂ ಲಾಗಿನ್ ಆಗುತ್ತಿಲ್ಲ! ಯಂತ್ರಗಳು ಪಿಂಗ್‌ಗೆ ಉತ್ತರಿಸುತ್ತವೆ, ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟ ಮೇಲೆ ಅಲ್ಲೇ ಕಲ್ಲಾಗುತ್ತದೆ. ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕ್ರಾನ್ ಕೆಲಸಗಳೂ ನಿಂತಿವೆ.

ಆಗಿದ್ದಿಷ್ಟು. ಸರ್ವರ್ ತೆಗೆದುಕೊಳ್ಳದ ಸಂದೇಶಗಳು ಪ್ರತಿ ಯಂತ್ರದ ಆರ್‌ಸಿಸ್‌ಲಾಗ್ ಸರತಿಯಲ್ಲಿ ನಿಂತವು. ಸರತಿ ತುಂಬಿತು. ಆರ್‌ಸಿಸ್‌ಲಾಗ್ ಸ್ಥಳೀಯ ಲಾಗ್ ಸಾಕೆಟ್‌ನಿಂದ ಓದುವುದನ್ನು ನಿಲ್ಲಿಸಿತು. ಸಾಕೆಟ್ ತುಂಬಿತು. ಯಾರು ಲಾಗಿನ್ ಆದರೂ 'ಇಂಥವರು ಬಂದರು' ಎಂದು ಬರೆಯಲು ಎಸ್‌ಎಸ್‌ಎಚ್‌ಡಿ ಹೋಗುತ್ತದೆ, ಬರೆಯಲಾಗದೆ ಕಾಯುತ್ತ ಕೂರುತ್ತದೆ. ಆಡಳಿತಾಧಿಕಾರ ಕೊಡುವ ಸುಡೊ ಆಜ್ಞೆ ಕೂಡ ಹಾಗೆಯೇ. ಅತಿಥಿಗಳ ಪುಸ್ತಕದಲ್ಲಿ ಸಹಿ ಮಾಡಲು ಪೆನ್ ಇಲ್ಲವೆಂದು ಇಡೀ ಛತ್ರದ ಬಾಗಿಲು ಹಾಕಿದ ಹಾಗೆ. ಸಿಸ್ಟಂಡಿ ಬಂದ ಮೇಲೆ ನಡುವೆ ಅದರ ಜರ್ನಲ್ ಬರೆಯುವ ಜರ್ನಲ್‌ಡಿ ಕುಳಿತಿರುವುದರಿಂದ ಇಷ್ಟು ಘೋರವಾಗಿ ಆಗುವುದಿಲ್ಲ. ಅದು ಸಿಸ್‌ಲಾಗ್‌ಗಾಗಿ ಕಾಯದೆ ಸಂದೇಶವನ್ನು ಬಿಟ್ಟು ಮುಂದೆ ಹೋಗುತ್ತದೆ. ಅಂದರೆ ಯಂತ್ರ ಉಳಿಯುತ್ತದೆ, ಲಾಗ್ ಹೋಗುತ್ತದೆ.

ಆದ್ದರಿಂದ 'ಹೇಗೆ ಕಳುಹಿಸಬೇಕು' ಎನ್ನುವುದು ಐದು ನಿಮಿಷದ ಪ್ರಶ್ನೆ. 'ತೆಗೆದುಕೊಳ್ಳುವವನು ಇಲ್ಲದಾಗ ಏನು ಮಾಡಬೇಕು' ಎನ್ನುವುದನ್ನು ಮೊದಲು ತೀರ್ಮಾನಿಸಿ.

ಪೋರ್ಟ್514 · ಸೋಮವಾರ, ಮಧ್ಯಾಹ್ನ 2:10

ನನ್ನ ಯುಡಿಪಿ ಕೆಲವು ಸಾಲು ಕಳೆದಿರಬಹುದು. ಅರವತ್ತು ಯಂತ್ರಗಳನ್ನು ಒಂದೇ ರಾತ್ರಿ ಕಲ್ಲು ಮಾಡಿಲ್ಲ.

ರಾತ್ರಿಪಾಳಿ · ಸೋಮವಾರ, ಮಧ್ಯಾಹ್ನ 2:16

ಒಪ್ಪಿದೆ. ಆ ರಾತ್ರಿ ನನಗೂ ಹಾಗೆಯೇ ಅನಿಸಿತ್ತು.

ತುಂಗೆಯ ತಟ · ಸೋಮವಾರ, ಸಂಜೆ 6:40

ನಡುವೆ ಬಂದೆ, ಕ್ಷಮಿಸಿ. ಟಿಸಿಪಿಯಲ್ಲೂ ಲಾಗ್ ಕಳೆದುಹೋಗುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಸಂಪರ್ಕ ತುಂಡಾದ ಕ್ಷಣದಲ್ಲಿ ಕಳುಹಿಸುವವನ ಕರ್ನಲ್ ಬಫರ್‌ನಲ್ಲಿದ್ದದ್ದು ತಲುಪಿತೋ ಇಲ್ಲವೋ ಎಂದು ಆರ್‌ಸಿಸ್‌ಲಾಗ್‌ಗೆ ಗೊತ್ತಾಗುವುದಿಲ್ಲ. ಕರ್ನಲ್ 'ತೆಗೆದುಕೊಂಡೆ' ಎಂದರೆ ಇದು 'ತಲುಪಿತು' ಎಂದು ನಂಬುತ್ತದೆ.

ಅಂಚೆಗೆ ಹೋಲಿಸುವುದಾದರೆ, ಯುಡಿಪಿ ಎಂದರೆ ಕಾರ್ಡ್ ಬರೆದು ಡಬ್ಬಿಗೆ ಹಾಕಿದ್ದು. ಟಿಸಿಪಿ ಎಂದರೆ ಅಂಚೆ ಕಚೇರಿಯ ಕೌಂಟರ್‌ನಲ್ಲಿ ಕೊಟ್ಟು ರಸೀದಿ ಪಡೆದದ್ದು. ವಿಳಾಸದಾರರು ಸಹಿ ಮಾಡಿದ ಸ್ವೀಕೃತಿ ಚೀಟಿ ವಾಪಸ್ ಬರುವುದು ರೆಲ್ಪ್ ಎಂಬ ಲಾಗ್ ರವಾನೆಯ ವಿಧಾನದಲ್ಲಿ ಮಾತ್ರ. ಆರ್‌ಸಿಸ್‌ಲಾಗ್‌ನ ಕರ್ತೃ ರೈನರ್ ಗೆರ್ಹಾರ್ಡ್ಸ್ ಅದನ್ನು ಈ ಕಾರಣಕ್ಕೇ ರೂಪಿಸಿದರು. ಪ್ರತಿ ಸಂದೇಶಕ್ಕೂ ಸರ್ವರ್‌ನ ಆರ್‌ಸಿಸ್‌ಲಾಗ್ ಉತ್ತರ ಕೊಡುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಕಳುಹಿಸುತ್ತದೆ. ಹೀಗಾಗಿ ಒಂದೇ ಸಂದೇಶ ಎರಡು ಬಾರಿ ಬರಬಹುದು, ಕಳೆದುಹೋಗುವುದಕ್ಕಿಂತ ವಾಸಿ. ರೆಲ್ಪ್ ಬೇರೆ ಪ್ಯಾಕೇಜ್ ಆಗಿ ಬರುತ್ತದೆ, ಸ್ಥಾಪಿಸಲು ಮರೆಯಬೇಡಿ.

ಇದರ ಜೊತೆ ಡಿಸ್ಕ್ ನೆರವಿನ ಸರತಿ ಬೇಕೇ ಬೇಕು. ರವಾನೆಯ ಕ್ರಿಯೆಗೆ ಲಿಂಕ್ಡ್‌ಲಿಸ್ಟ್ ಮಾದರಿಯ ಸರತಿ, ಅದಕ್ಕೊಂದು ಕಡತದ ಹೆಸರು, ಡಿಸ್ಕ್‌ನಲ್ಲಿ ಗರಿಷ್ಠ 1 ಜಿಬಿ ಮಿತಿ, ಯಂತ್ರ ನಿಲ್ಲುವಾಗ ಸರತಿಯನ್ನು ಉಳಿಸಿಕೊಳ್ಳುವ ಆಯ್ಕೆ, ಮರುಪ್ರಯತ್ನಗಳ ಎಣಿಕೆಗೆ ಮೈನಸ್ ಒಂದು. ಎಂದರೆ ಸೋಲೊಪ್ಪದೆ ಪ್ರಯತ್ನಿಸುತ್ತಲೇ ಇರು ಎಂದರ್ಥ. ಸರತಿಗೆ ಕಡತದ ಹೆಸರು ಕೊಡದಿದ್ದರೆ ಅದು ನೆನಪಿನಲ್ಲಿ ಮಾತ್ರ ಇರುತ್ತದೆ, ಡಿಸ್ಕ್ ಮುಟ್ಟುವುದಿಲ್ಲ. ಅನೇಕರು ಎಡವುವುದು ಇಲ್ಲಿಯೇ.

ಸೊಲಾರಿಸ್ 10 ಮತ್ತು ಎಐಎಕ್ಸ್‌ನ ಮೂಲ ಸಿಸ್‌ಲಾಗ್‌ಡಿಗೆ ಯುಡಿಪಿ ಬಿಟ್ಟು ಬೇರೆ ಬಾರದು. ಅವುಗಳ ಪಕ್ಕದಲ್ಲೇ, ಅದೇ ಸ್ವಿಚ್‌ನಲ್ಲಿ, ಒಂದು ಸಣ್ಣ ಡೆಬಿಯನ್ ಯಂತ್ರವನ್ನು ದಲ್ಲಾಳಿಯಾಗಿ ಇಡಿ. ಯುಡಿಪಿಯಲ್ಲಿ ಕೇಳಿ, ಸರತಿಗೆ ಹಾಕಿ, ರೆಲ್ಪ್‌ನಲ್ಲಿ ಮುಂದಕ್ಕೆ ಕಳುಹಿಸಲಿ.

ಗೋಡೆಗಡಿಯಾರ · ಮಂಗಳವಾರ, ಬೆಳಿಗ್ಗೆ 8:15

ನೀವೆಲ್ಲ ತಲುಪಿಸುವುದರ ಬಗ್ಗೆ ಮಾತನಾಡುತ್ತಿದ್ದೀರಿ. ತಲುಪಿದ್ದು ಯಾವ ಹೊತ್ತಿನದು?

ಹಳೆಯ ಸಿಸ್‌ಲಾಗ್ ಸಾಲಿನಲ್ಲಿ ತಿಂಗಳು, ದಿನ, ಗಂಟೆ ಇರುತ್ತದೆ. ವರ್ಷ ಇಲ್ಲ, ಸಮಯ ವಲಯವೂ ಇಲ್ಲ. ಒಂದು ಯಂತ್ರ ಭಾರತೀಯ ಕಾಲಮಾನದಲ್ಲಿ, ಇನ್ನೊಂದು ಯುಟಿಸಿಯಲ್ಲಿ (ವಿಶ್ವ ಕಾಲಮಾನ) ಇದ್ದರೆ ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ಕಳ್ಳ ಮೊದಲು ಹೊರಗೆ ಹೋಗಿ ಆಮೇಲೆ ಒಳಗೆ ಬಂದಂತೆ ಕಾಣುತ್ತದೆ. ಆರ್‌ಸಿಸ್‌ಲಾಗ್ ಎಷ್ಟೇ ಹೊಸದಿದ್ದರೂ, ರವಾನೆಯ ಮಾದರಿಯನ್ನು ಬದಲಿಸದಿದ್ದರೆ ಯುಡಿಪಿ, ಟಿಸಿಪಿಯಲ್ಲಿ ಹಳೆಯ ರೂಪದಲ್ಲೇ ಕಳುಹಿಸುತ್ತದೆ. 2009ರ ಆರ್‌ಎಫ್‌ಸಿ 5424ರ ರೂಪಕ್ಕೆ ಬದಲಿಸಿ. ಅದರಲ್ಲಿ ವರ್ಷವೂ ವಲಯವೂ ಸೆಕೆಂಡಿನ ಭಿನ್ನಾಂಶವೂ ಇರುತ್ತವೆ.

ನಿಮ್ಮ ಆಡಿಟರ್ ಹೇಳಿದ 180 ದಿನ ಎಲ್ಲಿಂದ ಬಂತೆಂದರೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಿಂದ. ಅದೇ ನಿರ್ದೇಶನದಲ್ಲಿ ಗಡಿಯಾರದ ಮಾತೂ ಇದೆ: ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ, ಸಮಯ ತಿಳಿಸುವ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸಮಯ ಹೊಂದಿಸಿಕೊಳ್ಳಬೇಕು. ಸೈಬರ್ ಘಟನೆಯಾದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆಯಲ್ಲಿ ಐದೂವರೆ ಗಂಟೆಯನ್ನು ವಲಯದ ಲೆಕ್ಕದಲ್ಲೇ ಕಳೆದುಕೊಳ್ಳಬೇಡಿ.

ಹೊಸ ಶಿಷ್ಯೆ · ಮಂಗಳವಾರ, ಬೆಳಿಗ್ಗೆ 9:02

ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ನೋಡಿದರೆ ಪ್ರತಿ ಸಂದೇಶದ ಮೊದಲಿಗೆ <38>, <86> ಎಂದು ಇರುತ್ತದೆ. ಡೆಬಿಯನ್ ಯಂತ್ರದ ಎಸ್‌ಎಸ್‌ಎಚ್ ಲಾಗಿನ್‌ಗೆ 38, ರಾಕಿಯ ಲಾಗಿನ್‌ಗೆ 86. ಅದೇ ಘಟನೆಗೆ ಎರಡು ಸಂಖ್ಯೆ ಏಕೆ?

ಹಳೆಯ ಟರ್ಮಿನಲ್ · ಮಂಗಳವಾರ, ಬೆಳಿಗ್ಗೆ 9:30

ಒಳ್ಳೆಯ ಕಣ್ಣು ಮೇಡಂ. ಸಂದೇಶ ಯಾವ ವಿಭಾಗದಿಂದ ಬಂತೋ ಅದರ ಸಂಖ್ಯೆಯನ್ನು ಎಂಟರಿಂದ ಗುಣಿಸಿ, ತೀವ್ರತೆಯನ್ನು ಕೂಡಿಸಿದರೆ ಇದು ಬರುತ್ತದೆ. ತೀವ್ರತೆ 0ಯಿಂದ 7; ಸೊನ್ನೆ ಎಂದರೆ ಮನೆಗೆ ಬೆಂಕಿ, ಏಳು ಎಂದರೆ ಹರಟೆ. 38 ಎಂದರೆ 4 ಎಂಟಲೆ 32, ಮೇಲೆ 6: 'ಆಥ್' ವಿಭಾಗ, ಮಾಹಿತಿ. 86 ಎಂದರೆ 10 ಎಂಟಲೆ 80, ಮೇಲೆ 6: 'ಆಥ್‌ಪ್ರಿವ್', ಮಾಹಿತಿ. ರೆಡ್ ಹ್ಯಾಟ್ ಬಳಗದಲ್ಲಿ ಎಸ್‌ಎಸ್‌ಎಚ್‌ಡಿಯನ್ನು ಆಥ್‌ಪ್ರಿವ್‌ಗೆ ಬರೆಯುವಂತೆ ಹೊಂದಿಸಿರುತ್ತಾರೆ, ಡೆಬಿಯನ್‌ನಲ್ಲಿ ಮೂಲದ ಆಥ್ ಹಾಗೇ ಇದೆ. ಕೇಂದ್ರ ಸರ್ವರ್‌ನಲ್ಲಿ ಆಥ್ ಒಂದನ್ನೇ ಶೋಧಿಸುವವರಿಗೆ ರಾಕಿ ಯಂತ್ರಗಳಿಗೆ ಯಾರೂ ಬರುವುದೇ ಇಲ್ಲವೆನಿಸುತ್ತದೆ.

ಕಡತಪಾಲಕ · ಗುರುವಾರ, ರಾತ್ರಿ 9:50

ಮೂರು ದಿನದ ವರದಿ. ಸೊಲಾರಿಸ್‌ನದು ಟ್ಯಾಬ್ ಮತ್ತು ನಕ್ಷತ್ರ, ಎರಡೂ. ಟರ್ಮಿನಲ್ ಸರ್ ಅವರಿಗೆ ಸಾಷ್ಟಾಂಗ. ಏಳು ಡೆಬಿಯನ್ ಯಂತ್ರಗಳಲ್ಲಿ ಆರ್‌ಸಿಸ್‌ಲಾಗ್ ಇರಲೇ ಇಲ್ಲ.

ಲಕ್ಷ ಸಂದೇಶದ ಪರೀಕ್ಷೆ ಮಾಡಿದೆ. ಯುಡಿಪಿಯಲ್ಲಿ ಒಂದೊಂದೇ ಡೆಬಿಯನ್ ಯಂತ್ರದಿಂದ ಕಳುಹಿಸಿದಾಗ ಪೂರ್ತಿ ಬಂದವು (ಪೋರ್ಟ್514 ಅವರು ನಗಬಹುದು). ಹತ್ತು ಯಂತ್ರಗಳಿಂದ ಒಟ್ಟಿಗೆ ಕಳುಹಿಸಿದಾಗ ಹತ್ತು ಲಕ್ಷದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಾಯ (ಈಗ ನಿಲ್ಲಿಸಬಹುದು).

ಆದರೆ ರಾಕಿಯ ಫಲಿತಾಂಶ ಅರ್ಥವಾಗುತ್ತಿಲ್ಲ. ರೆಲ್ಪ್‌ನಲ್ಲಿ ಕಳುಹಿಸಿದರೂ ಒಂದು ಲಕ್ಷದಲ್ಲಿ ಬಂದದ್ದು ಹೆಚ್ಚುಕಡಿಮೆ 20,000. ಅದಕ್ಕೂ ಮೊದಲು ರಾಕಿಯಿಂದ ರೆಲ್ಪ್ ಸಂಪರ್ಕವೇ ಆಗುತ್ತಿರಲಿಲ್ಲ; ನಾನು ಆರಿಸಿದ ಪೋರ್ಟ್, ಲಿನಕ್ಸ್‌ನ ಭದ್ರತಾ ಕಾವಲಾದ ಎಸ್‌ಇಲಿನಕ್ಸ್‌ನ ಸಿಸ್‌ಲಾಗ್ ಪಟ್ಟಿಯಲ್ಲಿ ಇರಲಿಲ್ಲ. ಸೆಮ್ಯಾನೇಜ್ ಆಜ್ಞೆಯಿಂದ ಸೇರಿಸಿದೆ.

ಇನ್ನೂ ಎರಡು ವಿಚಿತ್ರ. ಒಂದು, ಮೂರು ಯಂತ್ರಗಳ ಲಾಗ್ 'ಲೋಕಲ್‌ಹೋಸ್ಟ್' ಎಂಬ ಒಂದೇ ಡೈರೆಕ್ಟರಿಗೆ ಬೀಳುತ್ತಿದೆ. ಎರಡು, ನಿನ್ನೆ ಮಧ್ಯಾಹ್ನ ಗೇಟ್‌ವೇ ಕೆಲಸದ ಒಂದು ಡೆಬಿಯನ್ ಯಂತ್ರ ಕೇಂದ್ರ ಸರ್ವರ್‌ಗೆ ಎರಡು ಗಂಟೆಯಲ್ಲಿ 60 ಜಿಬಿ ಸುರಿಯಿತು. ಅದಿನ್ನೂ ಯುಡಿಪಿಯಲ್ಲೇ ಇದೆ. ದಾಳಿ ಎಂದುಕೊಂಡು ಕೇಬಲ್ ಕಿತ್ತುಬಿಟ್ಟೆ.

ರಾತ್ರಿಪಾಳಿ · ಗುರುವಾರ, ರಾತ್ರಿ 10:25

20,000 ಎಂಬ ದುಂಡು ಸಂಖ್ಯೆ ಕಂಡರೆ ನೆಟ್‌ವರ್ಕ್ ಬಿಟ್ಟು ಮಿತಿಗಳನ್ನು ಹುಡುಕಿ. ರಾಕಿಯಲ್ಲಿ ಆರ್‌ಸಿಸ್‌ಲಾಗ್ ಸಂದೇಶಗಳನ್ನು ಜರ್ನಲ್‌ನಿಂದ ಇಮ್‌ಜರ್ನಲ್ ಎಂಬ ಘಟಕದ ಮೂಲಕ ಓದುತ್ತದೆ. ಅದರ ಸಹಜ ಮಿತಿ 600 ಸೆಕೆಂಡಿಗೆ 20,000. ಮೀರಿದ್ದನ್ನು ಎಸೆಯುತ್ತದೆ, ಎಸೆಯಲು ಆರಂಭಿಸಿದೆ ಎಂದು ಒಂದು ಸಾಲು ಬರೆಯುತ್ತದೆ. ಹುಡುಕಿ, ಸಿಗುತ್ತದೆ. ಅದಕ್ಕೂ ಮೊದಲೇ ಜರ್ನಲ್‌ಡಿಯ ಸ್ವಂತ ಮಿತಿ ಇದೆ: ಒಂದು ಸೇವೆಗೆ 30 ಸೆಕೆಂಡಿನಲ್ಲಿ 10,000. ಎರಡನ್ನೂ ಏರಿಸಿ, ಆದರೆ ತೆಗೆದುಹಾಕಬೇಡಿ. ಹುಚ್ಚು ಹಿಡಿದ ಒಂದು ಪ್ರೋಗ್ರಾಂ ನಿಮ್ಮ ಡಿಸ್ಕ್ ತಿನ್ನದಂತೆ ಕಾಯುವುದೂ ಅವೇ.

60 ಜಿಬಿಯ ಬಗ್ಗೆ ಒಂದು ಊಹೆ. ಆ ಗೇಟ್‌ವೇಯಲ್ಲಿ ಹೊರಹೋಗುವ ಪ್ರತಿ ಪ್ಯಾಕೆಟ್ಟನ್ನೂ ಲಾಗ್ ಮಾಡುವ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮ ಇದೆಯೇ?

ಕಡತಪಾಲಕ · ಗುರುವಾರ, ರಾತ್ರಿ 10:31

ಇದೆ. ನಾನೇ ಹಾಕಿದ್ದು, ಬುಧವಾರ ಬೆಳಿಗ್ಗೆ. ಅಯ್ಯೋ.

ರಾತ್ರಿಪಾಳಿ · ಗುರುವಾರ, ರಾತ್ರಿ 10:38

ಪ್ಯಾಕೆಟ್ ಹೊರಟಿತು, ಲಾಗ್ ಆಯಿತು. ಆ ಲಾಗ್ ಸರ್ವರ್‌ಗೆ ಹೊರಟಿತು; ಅದೂ ಪ್ಯಾಕೆಟ್, ಅದೂ ಲಾಗ್ ಆಯಿತು. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡ. ಲಾಗ್ ಸರ್ವರ್‌ಗೆ ಹೋಗುವ ಪ್ಯಾಕೆಟ್‌ಗಳನ್ನು ಆ ನಿಯಮಕ್ಕಿಂತ ಮೊದಲೇ ದಾಟಿಸಿ, ಉಳಿದವಕ್ಕೆ ಲಿಮಿಟ್ ಹಾಕಿ. ನಿಮ್ಮ ಫ್ರೀಬಿಎಸ್‌ಡಿ ಫೈರ್‌ವಾಲ್‌ಗಳಲ್ಲಿ ಪಿಎಫ್ ಎಂಬ ಫೈರ್‌ವಾಲ್ ತಂತ್ರಾಂಶ ಇದ್ದರೆ ಈ ಭಯವಿಲ್ಲ. ಅದರ ಲಾಗ್ ಸಿಸ್‌ಲಾಗ್‌ಗೆ ಬರುವುದೇ ಇಲ್ಲ, ಪಿಎಫ್‌ಲಾಗ್ ಎಂಬ ಬೇರೆ ದಾರಿಯಲ್ಲಿ ಹೋಗುತ್ತದೆ. ಬೇಕಿದ್ದರೆ ಅದನ್ನು ಪಠ್ಯವಾಗಿಸಿ ಕಳುಹಿಸುವ ಕೆಲಸ ಬೇರೆ ಇದೆ.

ತುಂಗೆಯ ತಟ · ಶುಕ್ರವಾರ, ಬೆಳಿಗ್ಗೆ 7:55

ಲೋಕಲ್‌ಹೋಸ್ಟ್: ಆ ಮೂರೂ ಒಂದೇ ವರ್ಚುವಲ್ ಯಂತ್ರದ ನಕಲುಗಳಿರಬೇಕು, ಹೆಸರು ಬದಲಿಸುವುದನ್ನು ಮರೆತಿದ್ದೀರಿ. ಸಂದೇಶದಲ್ಲಿರುವ ಹೆಸರು ಕಳುಹಿಸಿದವನು ಹೇಳಿಕೊಂಡ ಹೆಸರು, ಅದನ್ನು ನಂಬಿ ಡೈರೆಕ್ಟರಿ ಮಾಡಬೇಡಿ. ಪ್ಯಾಕೆಟ್ ಬಂದ ಐಪಿ ವಿಳಾಸದ ಮೇಲೆ ಮಾಡಿ. ಆದರೆ ದಲ್ಲಾಳಿ ಯಂತ್ರದಿಂದ ಬರುವವಕ್ಕೆಲ್ಲ ಒಂದೇ ಐಪಿ ಇರುವುದರಿಂದ, ಅದೊಂದಕ್ಕೆ ಮಾತ್ರ ಹೆಸರನ್ನು ಬಳಸಿ.

ರೆಲ್ಪ್‌ಗೆ ಟಿಎಲ್‌ಎಸ್ ಗೂಢಲಿಪೀಕರಣ ಸೇರಿಸಿ, ಎರಡೂ ಕಡೆಯ ಪ್ರಮಾಣಪತ್ರ ಪರಿಶೀಲಿಸುವಂತೆ ಮಾಡಿ. ಯುಡಿಪಿ 514 ತೆರೆದಿದ್ದರೆ ಯಾರು ಬೇಕಾದರೂ ಯಾವ ಯಂತ್ರದ ಹೆಸರಿನಲ್ಲಾದರೂ ಸುಳ್ಳು ಲಾಗ್ ಬರೆಯಬಹುದು. ಬಳಕೆದಾರರು ಅವಸರದಲ್ಲಿ ಹೆಸರು ಕೇಳಿದ ಕಡೆ ಪಾಸ್‌ವರ್ಡ್ ಬರೆದುಬಿಡುತ್ತಾರೆ, ಅದು 'ಇಂಥ ಬಳಕೆದಾರ ಇಲ್ಲ' ಎಂದು ಲಾಗ್‌ಗೆ ಬರುತ್ತದೆ. 38 ಯಂತ್ರಗಳ ಆ ಗುಟ್ಟುಗಳೆಲ್ಲ ಈಗ ಒಂದೇ ಡಿಸ್ಕ್‌ನಲ್ಲಿವೆ. ಆ ಸರ್ವರ್‌ಗೆ ಉಳಿದ ಯಂತ್ರಗಳ ಪಾಸ್‌ವರ್ಡೂ ಬೇಡ, ಎಸ್‌ಎಸ್‌ಎಚ್ ಕೀಲಿಯೂ ಬೇಡ. ಡೆಬಿಯನ್‌ಗೆ ನುಗ್ಗಿದವನು ಅದೇ ಕೀಲಿಯಿಂದ ಇಲ್ಲಿಗೂ ಬಂದು ಗುಡಿಸಿ ಹೋದರೆ ಇಷ್ಟೆಲ್ಲ ಮಾಡಿದ್ದು ಯಾರಿಗೆ?

ಹಳೆಯ ಟರ್ಮಿನಲ್ · ಶುಕ್ರವಾರ, ಬೆಳಿಗ್ಗೆ 10:10

ಡಿಸ್ಕ್ ಲೆಕ್ಕ ಯಾರೂ ಮಾಡಲಿಲ್ಲ. ಯಂತ್ರಕ್ಕೆ ಸೆಕೆಂಡಿಗೆ 5 ಸಾಲು, ಸಾಲಿಗೆ 200 ಬೈಟ್ ಎಂದುಕೊಳ್ಳಿ. 38 ಯಂತ್ರಗಳಿಗೆ ಸೆಕೆಂಡಿಗೆ 38,000 ಬೈಟ್, ದಿನಕ್ಕೆ ಸುಮಾರು 3.3 ಜಿಬಿ, 180 ದಿನಕ್ಕೆ 590 ಜಿಬಿ. ಲಾಗ್ ಪಠ್ಯ ಚೆನ್ನಾಗಿ ಕುಗ್ಗುತ್ತದೆ, ದಿನಕ್ಕೊಮ್ಮೆ ಸುತ್ತಿಟ್ಟರೆ ಹತ್ತರಲ್ಲಿ ಒಂದು ಭಾಗಕ್ಕೆ ಬರಬಹುದು. ಒಂದು ಟಿಬಿ ಕೊಂಡರೆ ನಿಶ್ಚಿಂತೆ. ಗೇಟ್‌ವೇ ನಿಯಮ ಇಲ್ಲದಿದ್ದರೆ!

ಕಡತಪಾಲಕ · ಮೂರು ವಾರದ ಬಳಿಕ, ಭಾನುವಾರ, ಸಂಜೆ 5:30

ಲಿನಕ್ಸ್ ಯಂತ್ರಗಳೆಲ್ಲ ಟಿಎಲ್‌ಎಸ್ ಸಹಿತ ರೆಲ್ಪ್‌ಗೆ ಬಂದಿವೆ, ಪ್ರತಿಯೊಂದರಲ್ಲೂ 1 ಜಿಬಿ ಡಿಸ್ಕ್ ಸರತಿ. ಸೊಲಾರಿಸ್, ಎಐಎಕ್ಸ್, ಫ್ರೀಬಿಎಸ್‌ಡಿ ದಲ್ಲಾಳಿ ಯಂತ್ರಕ್ಕೆ ಯುಡಿಪಿ. ಒಂದು ಸೊಲಾರಿಸ್ ಯುಟಿಸಿಯಲ್ಲಿತ್ತು. ಅದನ್ನು ಬದಲಿಸಲು ಯಾರೂ ಒಪ್ಪಲಿಲ್ಲ, ದಲ್ಲಾಳಿಯಲ್ಲಿ ತಾನು ಸ್ವೀಕರಿಸಿದ ಹೊತ್ತನ್ನೂ ಜೊತೆಗೆ ಬರೆಯಿಸುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ, ಕಚೇರಿ ಖಾಲಿಯಾದ ಮೇಲೆ, ಎಲ್ಲ ಯಂತ್ರಗಳಿಂದಲೂ ಸಂಖ್ಯೆ ಹಾಕಿದ ಸಂದೇಶಗಳನ್ನು ಹರಿಯಬಿಟ್ಟು ಕೇಂದ್ರ ಸರ್ವರ್‌ನ ಕೇಬಲ್ ಕಿತ್ತೆ. 40 ನಿಮಿಷ. ಆ ಹೊತ್ತಿನಲ್ಲಿ ಪ್ರತಿ ಯಂತ್ರಕ್ಕೂ ಹೋಗಿ ಲಾಗಿನ್ ಆಗಿ ನೋಡಿದೆ. ಎಲ್ಲವೂ ಒಳಗೆ ಬಿಟ್ಟವು. ಕೇಬಲ್ ಮರಳಿ ಹಾಕಿದಾಗ ಸರತಿಗಳು ಹತ್ತು ನಿಮಿಷದಲ್ಲಿ ಬರಿದಾದವು. ಎಣಿಸಿದೆ: ಒಂದು ಸಂಖ್ಯೆಯೂ ತಪ್ಪಿಲ್ಲ. 17 ಸಾಲುಗಳು ಎರಡೆರಡು ಬಾರಿ ಬಂದಿವೆ.

ಪೋರ್ಟ್514 · ಭಾನುವಾರ, ಸಂಜೆ 5:52

ಹದಿನೇಳು ಹೆಚ್ಚು ಬಂದದ್ದನ್ನೂ ಆಡಿಟರ್ ಆಕ್ಷೇಪಣೆ ಮಾಡುತ್ತಾರೆ, ನೋಡುತ್ತಿರಿ. (ನನ್ನ ಕಡೆಯೂ ಹತ್ತು ಯಂತ್ರಗಳಿಂದ ಒಟ್ಟಿಗೆ ಪರೀಕ್ಷೆ ಮಾಡಿದೆ. ಫಲಿತಾಂಶ ಇಲ್ಲಿ ಬರೆಯುವುದಿಲ್ಲ. ರೆಲ್ಪ್ ಪ್ಯಾಕೇಜ್ ಹೆಸರೇನು ಎಂದಿರಿ?)

ಕಡತಪಾಲಕ · ಸೋಮವಾರ, ಬೆಳಿಗ್ಗೆ 11:45

ಆರ್‌ಸಿಸ್‌ಲಾಗ್-ರೆಲ್ಪ್ ಸರ್.

ಆಡಿಟರ್ ಇಂದು ಬಂದಿದ್ದರು. ಕೇಬಲ್ ಕಿತ್ತ ಕಥೆ ಹೇಳಿದೆ, ಕೇಳಿಸಿಕೊಂಡರು. ಆಮೇಲೆ 180 ದಿನದ ಲಾಗ್ ತೋರಿಸಿ ಎಂದರು. ಇನ್ನೂ ಮೂರು ವಾರದ್ದಷ್ಟೇ ಇದೆ ಎಂದೆ. 'ಪಾಲನೆಯಾಗಿಲ್ಲ' ಎಂದು ಬರೆದುಕೊಂಡು ಹೋದರು.